ಒಂದೇ ಅಡ್ಡಹೆಸರಿನವರು

ಅಪ್ಪಾ,

ನಾನು ನೀಲಾ, ನಿನ್ನ ಮಗಳು. ನೀನು ಹೋಗಿ ಆರು ವರ್ಷವಾದ ಮೇಲೆ ಈಗೇಕೆ ಪತ್ರ ಅಂತ ಗಾಬರಿಯಾಗಬೇಡ. ಬೈಲಹೊಂಗಲದಲ್ಲಿ ಎಲ್ಲರೂ ಆರಾಮಿದ್ದಾರೆ. ತಮ್ಮ ಮಹಾಂತೇಶನ ಮೊಣಕಾಲು ನೋವು ಹಾಗೇ ಇದೆ, ಅವನ ಹೆಂಡತಿಯ ಬಾಯಿಯೂ ಹಾಗೇ ಇದೆ. ನನಗೆ ಮಾತ್ರ ದಣಿವಾಗಿದೆ. ಹೊಲಿಗೆ ಮಷೀನು ತುಳಿದ ದಣಿವಲ್ಲ, ಅದು ಒಂದು ನಿದ್ದೆಗೆ ಇಳಿಯುತ್ತದೆ. ಇದು ನಿನ್ನ ಮುಂದೆ ಆಡಿಬಿಡದೆ ಇಳಿಯುವಂಥದ್ದಲ್ಲ. ಮಧ್ಯಾಹ್ನ ಅಂಗಡಿಗೆ ಯಾರೂ ಬಾರದ ಹೊತ್ತು ನೋಡಿ ಅಳತೆ ಪುಸ್ತಕದ ಹಾಳೆ ಹರಿದುಕೊಂಡು ಕೂತಿದ್ದೇನೆ. ಹಿಂಬದಿಯಲ್ಲಿ ಯಾರದೋ ಜಂಪರಿನ ಅಳತೆ ಇದೆ, ಅದನ್ನು ಓದಬೇಡ.

ಯರಗಟ್ಟಿಯ ಸಂತೆಗೆ ನೀನು ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ನೆನಪಿದೆಯೇ? ನನಗಾಗ ಒಂಬತ್ತೋ ಹತ್ತೋ. ಕಾಳಿನ ಅಂಗಡಿಗಳ ಎದುರು ಚೀಲ ಹಾಸಿಕೊಂಡು ನೀನು ತಕ್ಕಡಿ ರಿಪೇರಿಗೆ ಕೂಡುತ್ತಿದ್ದೆ. ಯಾರಾದರೂ ತಕ್ಕಡಿ ತಂದು ಕೈಗಿಟ್ಟರೆ ಏನು ಕೆಟ್ಟಿದೆ ಅಂತ ಕೇಳುತ್ತಿರಲಿಲ್ಲ. "ಅಡ್ಡೆಸರೇನ್ರಿ ನಿಮ್ಮದು?" ಅನ್ನುತ್ತಿದ್ದೆ. ಅವರು ಬೆಳವಡಿ ಅಂದರೆ ಬೆಳವಡಿ ಬಿಟ್ಟು ಎಷ್ಟು ತಲೆಮಾರಾಯಿತು, ತೊರಗಲ್ಲ ಅಂದರೆ ತೊರಗಲ್ಲದಲ್ಲಿ ಯಾವ ಓಣಿ, ಅಂತ ಶುರು. ಮೆಣಸಿನಕಾಯಿ ಅಂದರೆ ಅವರ ಮುತ್ತಜ್ಜನ ವ್ಯಾಪಾರದವರೆಗೂ ಹೋಗುತ್ತಿದ್ದೆ. ತಕ್ಕಡಿ ಅಲ್ಲೇ ಬಿದ್ದಿರುತ್ತಿತ್ತು. "ಊರಾಗ ಇದ್ದವರಿಗಿ ಊರಿನ ಹೆಸರ ಯಾಕ ಬೇಕವ್ವಾ? ಊರ ಬಿಟ್ಟವರಿಗಿ ಅದೊಂದ ಉಳದಿರತೈತಿ," ಅಂತ ನನಗೆ ತಿಳಿಸಿ ಹೇಳುತ್ತಿದ್ದೆ. ನಿನ್ನ ಅಜ್ಜ ಮುರಗೋಡ ಬಿಟ್ಟು ಬೈಲಹೊಂಗಲಕ್ಕೆ ಬಂದನಂತೆ, ಇಲ್ಲಿಯ ಜನ ಮುರಗೋಡದವರು ಅಂದರಂತೆ, ಸಾಲಿಯ ಮಾಸ್ತರರು ನಿಮ್ಮಪ್ಪನ ಹೆಸರಿಗೆ ಮುರಗೋಡ ಅಂತ ಹಚ್ಚಿ ಬರೆದರಂತೆ. ಅಷ್ಟೇ ನಮ್ಮ ಚರಿತ್ರೆ. ಅಲ್ಲಿ ಯಾವ ಮನೆಯವರಾಗಿದ್ದೆವು, ಯಾಕೆ ಬಿಟ್ಟೆವು, ಯಾವುದೂ ನಿನಗೆ ಗೊತ್ತಿರಲಿಲ್ಲ. ನೀನು ತೊಟ್ಟಿಲಲ್ಲಿದ್ದಾಗಲೇ ನಿಮ್ಮಪ್ಪ ತೀರಿಕೊಂಡಿದ್ದ, ಹೇಳುವವರು ಯಾರಿದ್ದರು?

ಒಮ್ಮೆ ಅದೇ ಸಂತೆಯಿಂದ ಒಬ್ಬ ಟೆಂಪೊ ಡ್ರೈವರನನ್ನು ನೀನು ಮನೆಗೇ ಕರೆತಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಇವರು ಬಾಬುಸಾಬ. ಬಾಬುಸಾಬ ಮುರಗೋಡ! ನಮ್ಮವರ!" ಅಂತ ಅಂಗಳದಿಂದಲೇ ಕೂಗಿದೆ. ಅವರಿಗೆ ನಾಚಿಕೆಯೋ ನಾಚಿಕೆ. "ನಮ್ಮ ಅಜ್ಜಾರೂ ಅಲ್ಲಿಂದನ ಬಂದಾರಂತ್ರಿ ವೈನಿ, ಮತ್ತೇನೂ ಗೊತ್ತಿಲ್ರಿ," ಅಂದರು. "ಅಷ್ಟ ಗೊತ್ತಿದ್ರ ಸಾಕು, ಕುಂತ್ರಿ," ಅಂತ ನೀನೇ ತಾಟು ಇಟ್ಟೆ. ಅಂದಿನಿಂದ ಅವರು ನಮಗೆ ಕಾಕಾ. ಅವರ ಹಬ್ಬಕ್ಕೆ ನಾವು ಶಿರಖುರ್ಮಾ ಕುಡಿಯಲು ಹೋಗುವುದು, ನಮ್ಮ ಹಬ್ಬಕ್ಕೆ ಅವರ ಮಕ್ಕಳು ಹೋಳಿಗೆ ತಿನ್ನಲು ಬರುವುದು ಇವತ್ತಿಗೂ ನಡೆದಿದೆ. ಆ ಹೆಸರಿನವರೊಬ್ಬರು ಸಿಕ್ಕರೆ ನಿನಗೆ ಅಷ್ಟು ಆಸೆ. ಅಣ್ಣತಮ್ಮರಿಲ್ಲದೆ ಬೆಳೆದವನು, ಅದಕ್ಕೇ ಇರಬೇಕು ಅಂತ ಅವ್ವ ಅನ್ನುತ್ತಿದ್ದಳು.

ನನಗೆ ಇಪ್ಪತ್ತೆರಡಾಗಿದ್ದಾಗ ರಾಮದುರ್ಗದ ಮಾತು ಬಂತು. ಅಲ್ಲಿ ಅವ್ವನ ತಂಗಿ ಮೌಶಿಯ ಮನೆಗೆ ಹೋದಾಗಲೆಲ್ಲ ನಾನು ನೇಕಾರರ ಓಣಿಯ ದಾರದ ಅಂಗಡಿಗೆ ಹೋಗುತ್ತಿದ್ದೆ. ಕಸೂತಿಗೆ ಬೇಕಾದ ಬಣ್ಣದ ದಾರ ಅಲ್ಲಿ ಸಿಗುತ್ತದೆ ಅಂತ ಹೇಳಿಕೊಂಡು. ನಿಜ ಹೇಳಲೇ? ದಾರ ಬೈಲಹೊಂಗಲದಲ್ಲೂ ಸಿಗುತ್ತಿತ್ತು. ಶಿವಾನಂದ ಅಲ್ಲಿ ಮಾತ್ರ ಇದ್ದ. ಗಿಳಿಹಸಿರು ಯಾವುದು, ಎಲೆಹಸಿರು ಯಾವುದು ಅಂತ ಅರ್ಧ ತಾಸು ಬಿಚ್ಚಿ ತೋರಿಸುತ್ತಿದ್ದ. ನಾನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದೆ. ಮೌಶಿಗೆ ಇದು ತಿಳಿದು, ಆಕೆಯೇ ಅವರ ಮನೆಯಲ್ಲಿ ಮಾತು ಎತ್ತಿದಳು. ಅವರಿಗೂ ಒಪ್ಪಿಗೆಯಾಯಿತು. ರಾಮದುರ್ಗದಲ್ಲಿ ಎಲ್ಲರೂ ಅವರನ್ನು ದಾರದವರು ಅನ್ನುತ್ತಿದ್ದರು, ಬೇರೆ ಅಡ್ಡಹೆಸರು ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಸಂತೆಯವರ ಅಡ್ಡಹೆಸರನ್ನೆಲ್ಲ ಕೇಳುವವನ ಮಗಳು ನಾನು, ಕೇಳಬೇಕಾದ ಒಬ್ಬನದನ್ನು ಕೇಳಲಿಲ್ಲ.

ಅವರು ನೋಡಲು ಬಂದ ದಿನ ನೀನು ಬಿಳಿ ಅಂಗಿ ಹಾಕಿದ್ದೆ. ಶಿವಾನಂದ, ಅವನ ಅಪ್ಪ, ಅವನ ದೊಡ್ಡಪ್ಪ ಜಮಖಾನೆಯ ಮೇಲೆ ಕೂತರು. ನಾನು ಅವಲಕ್ಕಿ ಕೊಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನಿನ್ನ ಬಾಯಿ ಸುಮ್ಮನಿರುತ್ತದೆಯೇ? ಅಡ್ಡಹೆಸರು ಕೇಳಿಯೇಬಿಟ್ಟೆ. "ಮುರಗೋಡ್ರಿ," ಅಂದರು ಅವನ ಅಪ್ಪ. ನೀನು ಎದ್ದು ಅವರನ್ನು ತಬ್ಬಿಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು ನಿನಗೆ. ಆಗ ಅವನ ದೊಡ್ಡಪ್ಪ ಚಹಾದ ಬಸಿ ಕೆಳಗಿಟ್ಟು ಹೇಳಿದರು, "ಹಂಗಾರ ಬೆಡಗ ಕೇಳಬೇಕಾಗತೈತ್ರಿ. ನಿಮ್ಮ ಬೆಡಗ ಯಾವುದು?"

ಅಡ್ಡಹೆಸರು ಊರಿನದು, ಬೆಡಗು ರಕ್ತದ್ದು. ಬೆಡಗು ಒಂದೇ ಆದವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಿನಗೆ ನಮ್ಮ ಬೆಡಗು ಯಾವುದೆಂದೇ ಗೊತ್ತಿರಲಿಲ್ಲ. ಅದನ್ನು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಅಪ್ಪಾ? ನಮ್ಮಪ್ಪ ಬೇಗ ಸತ್ತ, ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಅಂದಿದ್ದರೆ? ಮನೆಮನೆಯ ವಂಶಾವಳಿ ಇಟ್ಟುಕೊಂಡು ಎತ್ತಿನ ಮೇಲೆ ಊರೂರು ತಿರುಗುವ ಹೆಳವರು ಇದ್ದೇ ಇದ್ದರಲ್ಲ. ನಮ್ಮ ಮನೆಗೆ ಯಾರೂ ಬಾರದೆ ಎರಡು ತಲೆಮಾರಾಗಿತ್ತು, ಖರೆ. ಹುಡುಕಿದ್ದರೆ ಸಿಗುತ್ತಿದ್ದರು. ಊರವರ ಮೂಲವನ್ನೆಲ್ಲ ಕೆದಕುವವನಿಗೆ ತನ್ನದೇ ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ನಿನ್ನ ಕುತ್ತಿಗೆಯ ಬೆವರು ನನಗೆ ಬಾಗಿಲಿನಿಂದ ಕಾಣುತ್ತಿತ್ತು. "ಹೆಸರ ಒಂದಂದ ಮ್ಯಾಲೆ ಬೆಡಗೂ ಒಂದರಿ. ನಾವು ನೀವು ಅಣ್ಣತಮ್ಮರು," ಅಂದೆ.

ಒಳಗಿನಿಂದ ಅವ್ವ ಸುಮ್ಮನಿರಲಿಲ್ಲ. "ಬಾಬುಸಾಬರೂ ಮುರಗೋಡನ ಅದಾರ. ಅವರದೂ ನಮ್ಮದೂ ಒಂದ ಬೆಡಗೇನು? ಹೆಳವನ್ನ ಹುಡಿಕಿ ಕೇಳ್ರಿ, ಒಂದ ತಿಂಗಳ ತಡದ್ರ ಏನ ಮುಳಗತೈತಿ?" ಅಂದಳು. ನೀನು ತಿರುಗಿಯೂ ನೋಡದೆ "ನೀ ಒಳಗಿರು" ಅಂದೆ. ಆಮೇಲೆ ನನ್ನನ್ನು ಕರೆದು, ಅಷ್ಟೂ ಜನರ ಮುಂದೆ, "ನೀಲವ್ವಾ, ಇನ್ನ ಮ್ಯಾಲೆ ಇಂವ ನಿನಗ ಅಣ್ಣ," ಅಂದೆ. ಶಿವಾನಂದ ಅವಲಕ್ಕಿಯ ತಾಟು ನೋಡುತ್ತಾ ಕೂತಿದ್ದ. ಒಂದು ತುತ್ತೂ ತಿಂದಿರಲಿಲ್ಲ.

ಆ ವರ್ಷದ ನಾಗರ ಪಂಚಮಿಗೆ ಅವನ ಅಪ್ಪ ಅವನ ಕೈಯಲ್ಲೇ ಅಣ್ಣನ ಕಡೆಯ ಉಂಡಿ ಮತ್ತು ಕುಬಸದ ಬಟ್ಟೆ ಕಳಿಸಿದರು. ಅವನು ಹೊಸ್ತಿಲ ಹೊರಗೆ ನಿಂತು ಗಂಟು ಕೊಟ್ಟ. "ಆರಾಮಿದ್ದೀರಿ?" ಅಂದ. "ಹೂಂ" ಅಂದೆ. ನೀರೂ ಕುಡಿಯದೆ ಬಸ್ಸಿಗೆ ಹೋದ. ಆ ಉಂಡಿಗಳನ್ನು ನಾನು ಮುಟ್ಟಲಿಲ್ಲ. ಮಹಾಂತೇಶನಿಗೆ ಆಗ ಹದಿನಾಲ್ಕು, ಅವನೇ ಎರಡು ದಿನದಲ್ಲಿ ಖಾಲಿ ಮಾಡಿದ. ಮುಂದಿನ ಬೇಸಗೆಯಲ್ಲಿ ಶಿವಾನಂದನ ಮದುವೆಯ ಕಾರ್ಡು ಬಂತು. ನೀನು ಒಬ್ಬನೇ ಹೋಗಿಬಂದೆ.

ನನ್ನನ್ನು ಆಗ ಕಿತ್ತೂರಿನ ಸೋದರತ್ತೆಯ ಮನೆಗೆ ಟೇಲರಿಂಗ್ ಕಲಿಯಲು ಕಳಿಸಿದ್ದೆ. ಆರು ತಿಂಗಳ ನಂತರ ತಿರುಗಿ ಬಂದಾಗ ನೀನು ಬೇರೆ ಮನುಷ್ಯನಾಗಿದ್ದೆ. ಯಾರಾದರೂ ತಕ್ಕಡಿ ತಂದರೆ ಸುಮ್ಮನೆ ತೆಗೆದುಕೊಂಡು ರಿಪೇರಿ ಮಾಡಿ ಕೊಡುತ್ತಿದ್ದೆ. ಅಡ್ಡಹೆಸರು ಕೇಳುತ್ತಿರಲಿಲ್ಲ. ಗಿರಾಕಿಗಳೇ "ಯಾಕ ಕಾಕಾ, ಇವತ್ತ ನಮ್ಮ ಕುಲಗೋತ್ರ ಬ್ಯಾಡೇನು?" ಅಂತ ಚೇಷ್ಟೆ ಮಾಡುತ್ತಿದ್ದರು. ನೀನು ನಗುತ್ತಲೂ ಇರಲಿಲ್ಲ. ಮಗಳ ದುಃಖ ನೋಡಿ ಹೀಗಾಗಿದ್ದಾನೆ ಅಂದುಕೊಂಡೆ. ಅದಕ್ಕಾಗಿ ನಿನ್ನ ಮೇಲಿದ್ದ ಸಿಟ್ಟನ್ನೂ ಬಿಟ್ಟೆ. ಎಂಥಾ ಹುಚ್ಚಿ ನೋಡು ನಾನು!

ಎಲ್ಲವನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ. ಆಮೇಲೆ ಬಂದ ಎರಡು ಸಂಬಂಧಗಳನ್ನು ಬೇಡ ಅಂದವಳು ನಾನೇ. ನಂತರ ಅವ್ವ ಹೋದಳು, ಮಹಾಂತೇಶನ ಓದು, ಅವನ ಮದುವೆ, ಈ ಅಂಗಡಿ, ಹೀಗೆ ದಿನ ಹೋಗುತ್ತಾ ಹೋದವು. ಐವತ್ತು ದಾಟಿದ್ದು ನನಗೆ ಗೊತ್ತಾದದ್ದು ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾದಾಗ.

ನಿನಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋದ ದಿನ ನಾನು ಅಂಗಡಿಗೆ ಬೀಗ ಹಾಕಿ ಓಡಿಬಂದಿದ್ದೆ. ಆಮೇಲೆ ಮೂರು ವರ್ಷ ಹಾಸಿಗೆ. ನಿನ್ನ ಬಾಯಿಗೆ ಮಾತ್ರ ದೇವರು ಏನೂ ಮಾಡಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂತ ಬೈಯುತ್ತಿದ್ದೆ. ಓಣಿಯಲ್ಲಿ ಯಾರ ಎಮ್ಮೆ ಈದಿತು ಅಂತ ಕೇಳುತ್ತಿದ್ದೆ. ಬಾಬುಸಾಬ ಕಾಕಾ ಬಂದರೆ ತಾಸುಗಟ್ಟಲೆ ಹರಟುತ್ತಿದ್ದೆ. ನಾನು ದಿನಾ ಮೈ ಒರೆಸಿ, ಅಂಗಿ ಬದಲಿಸಿ, ಗಂಜಿ ಕುಡಿಸಿ ಅಂಗಡಿಗೆ ಹೋಗುತ್ತಿದ್ದೆ. ಮೂರು ವರ್ಷವೆಂದರೆ ಎಷ್ಟು ಮುಂಜಾನೆಗಳು ಅಪ್ಪಾ? ಒಂದಾದರೂ ಮುಂಜಾನೆ ನಿನಗೆ...

ಇರಲಿ. ಮೊದಲು ಸಹನಾಳ ವಿಷಯ ಹೇಳುತ್ತೇನೆ. ಮಹಾಂತೇಶನ ಮಗಳು, ನಿನ್ನ ಹೆಗಲ ಮೇಲೆ ಕೂತು ಮೂಗು ಹಿಂಡುತ್ತಿದ್ದವಳು, ಈಗ ಸವದತ್ತಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಈ ಬೇಸಗೆಯಲ್ಲಿ ಒಂದು ದಿನ ನೇರ ನನ್ನ ಅಂಗಡಿಗೆ ಬಂದು ಇಸ್ತ್ರಿಯ ಹಲಗೆಯ ಮೇಲೆ ಕೂತಳು. "ಅತ್ತಿ, ಒಬ್ಬ ಹುಡುಗ ಅದಾನ. ಪ್ರವೀಣ ಅಂತ. ಪಂಪಸೆಟ್ಟಿನ ಮೋಟರ ರಿಪೇರಿ ಅಂಗಡಿ ಐತಿ. ಭಾಳ ಚೊಲೋ ಹುಡುಗ. ಎಲ್ಲಾ ಕೇಳು, ಅವನ ಅಡ್ಡೆಸರ ಒಂದ ಕೇಳಬ್ಯಾಡ," ಅಂದಳು. ನನ್ನ ಕಾಲು ಮಷೀನಿನ ಮೇಲೆ ನಿಂತುಬಿಟ್ಟಿತು. "ಮುರಗೋಡ ಏನ?" ಅಂದೆ. ಹೂಂ ಅಂತ ತಲೆ ಆಡಿಸಿದಳು. ಇಬ್ಬರಿಗೂ ಮೊದಲು ನಗು ಬಂತು, ಆಮೇಲೆ ಅವಳು ಅತ್ತಳು. ನನಗೆ ಅಳಲೂ ಆಗಲಿಲ್ಲ.

ಮಹಾಂತೇಶ ಹಾರಾಡುತ್ತಾನೆ ಅಂದುಕೊಂಡಿದ್ದೆ. ಅವನು ಕೂಗಲಿಲ್ಲ, ತಲೆ ತಗ್ಗಿಸಿ ಕೂತ. "ಅಪ್ಪ ಇದಕ್ಕಂತನ ಅಕ್ಕನ್ನ ಕೊಡಲಿಲ್ಲ. ಅಕ್ಕ ಒಂದ ಮಾತ ಆಡದ ಬಿಟ್ಟಳು. ಈಗ ನಾ ನನ್ನ ಮಗಳನ್ನ ಅದ ಅಡ್ಡೆಸರಿನವರಿಗಿ ಕೊಟ್ಟರ, ಅಕ್ಕ ಬಿಟ್ಟದ್ದು ಯಾತಕ್ಕಂತ ಆತು? ಅಕಿ ಮಾರಿ ಹೆಂಗ ನೋಡ್ಲಿ ನಾ?" ಅಂದ. ಕೇಳಿದೆಯಾ ಅಪ್ಪಾ? ನನ್ನ ಮೇಲಿನ ಪ್ರೀತಿಗೇ ಅವನು ಮಗಳಿಗೆ ಬೇಡ ಅನ್ನುತ್ತಿದ್ದ. ಸಹನಾ ಎರಡು ದಿನ ಊಟ ಬಿಟ್ಟಳು. ಅವಳ ತಾಯಿ "ನಿಮ್ಮ ಅತ್ತಿನ್ನ ನೋಡಿ ಕಲಿ" ಅಂತ ಅವಳಿಗೆ ಬುದ್ಧಿ ಹೇಳುತ್ತಿದ್ದಳು. ನನ್ನನ್ನು ನೋಡಿ ಏನು ಕಲಿಯಬೇಕಿತ್ತು ಆ ಹುಡುಗಿ? ಆ ಮಾತು ಕಿವಿಗೆ ಬಿದ್ದ ದಿನ ನಾನು ಹೆಳವನನ್ನು ಹುಡುಕಲು ಹೊರಟೆ. ಮೂವತ್ತೆರಡು ವರ್ಷದ ಹಿಂದೆ ಅವ್ವ ಹೇಳಿದ ಕೆಲಸ.

ಬಾಬುಸಾಬ ಕಾಕಾ ಮೂರು ದಿನ ಅಲ್ಲಿ ಇಲ್ಲಿ ವಿಚಾರಿಸಿ ಪತ್ತೆ ಹಚ್ಚಿದರು. ಈಗ ಅವರ ಕಣ್ಣು ಮಂಜು, ಮಗನೇ ಟೆಂಪೊ ಓಡಿಸುತ್ತಾನೆ, ಆದರೂ ನನ್ನ ಜೊತೆ ಬಂದರು. ದಾರಿಯಲ್ಲಿ ಮುರಗೋಡದಲ್ಲಿ ಚಹಾಕ್ಕೆ ಇಳಿದೆವು. ಹುಟ್ಟಿದಂದಿನಿಂದ ಆ ಹೆಸರು ಹೊತ್ತವಳು, ಊರಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಠದ ಕಡೆ ಹೋಗುವ ಜನ, ಶೇಂಗಾ ಹೇರಿದ ಟ್ರ್ಯಾಕ್ಟರು, ನಮ್ಮೂರಿನಂಥದ್ದೇ ಧೂಳು. ಚಹಾದ ಅಂಗಡಿಯವನನ್ನು ಕೇಳಿದೆ, ಇಲ್ಲಿ ಮುರಗೋಡ ಅಂತ ಅಡ್ಡೆಸರಿನವರ ಮನೆ ಯಾವುದು ಅಂತ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಲ್ಲೆಲ್ಲಿ ಇರತಾರ್ರಿ ಅವರು? ಅವರೆಲ್ಲಾ ಹೊರಗ ಇರತಾರ," ಅಂದ. ಬಾಬುಸಾಬ ಕಾಕಾ ಚಹಾ ಚೆಲ್ಲುವ ಹಾಗೆ ನಕ್ಕರು.

ಹೆಳವರ ಸಿದ್ದಪ್ಪ ಅಲ್ಲಿಂದ ಮುಂದಿನ ಹಳ್ಳಿಯಲ್ಲಿ ಇದ್ದ. ಎತ್ತು ತಿರುಗಾಟ ಎರಡೂ ಬಿಟ್ಟಿದ್ದಾನೆ, ಎಂಬತ್ತು ದಾಟಿದ ಮುದುಕ, ಬೇವಿನ ಮರದ ಕೆಳಗೆ ಕೂತಿದ್ದ. ನಮ್ಮ ಅಜ್ಜಂದಿರ ಹೆಸರು ಹೇಳಿದ ಕೂಡಲೇ ಕಣ್ಣು ಮುಚ್ಚಿ ಹಾಡಿದ ಹಾಗೆ ಶುರು ಮಾಡಿದ. ಮುರಗೋಡದಲ್ಲಿ ನಾವು ಹಿತ್ತಲಮನಿಯವರಂತೆ ಅಪ್ಪಾ. ರಾಮದುರ್ಗಕ್ಕೆ ಹೋದವರು ಕಟ್ಟಿಮನಿಯವರು. ಸವದತ್ತಿಗೆ ಹೋದ ಪ್ರವೀಣನ ಹಿರಿಯರು ಹೊಸಮನಿಯವರು. ಮೂರು ಓಣಿ, ಮೂರು ಮನೆತನ, ಮೂರು ಬೆಡಗು. ಊರು ಬಿಟ್ಟ ಮೇಲೆ ಮೂವರಿಗೂ ಮುರಗೋಡ ಅಂತ ಆಯಿತು, ಅಷ್ಟೇ. "ಕೊಡೂದು ತರೂದು ಧಾರಾಳ ಮಾಡ್ರಿ. ಯಾವ ಅಡ್ಡೀನೂ ಇಲ್ಲ," ಅಂದ. ನ್ಯಾಯವಾಗಿ ನನಗೆ ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಅವನು ಕಣ್ಣು ತೆರೆದು ಹೇಳಿದ, "ರಾಮದುರ್ಗದವರದ ನಿಮ್ಮಪ್ಪಗ ಅವಾಗನ ಹೇಳಿದ್ನೆಲ್ಲವ್ವಾ. ಮನಿಯಾಗ ಹೇಳಿಲ್ಲೇನು?"

ಯಾವಾಗ ಅಂತ ಕೇಳಿದೆ. ಶಿವಾನಂದನ ಮದುವೆ ಆದ ತಿಂಗಳಿಗೇ ನೀನು ಒಬ್ಬನೇ ಬಸ್ಸು ಹಿಡಿದು ಅವನನ್ನು ಹುಡುಕಿಕೊಂಡು ಹೋಗಿದ್ದೆಯಂತೆ. ನಾನು ಕಿತ್ತೂರಿನಲ್ಲಿ ಕಾಜಾ ಹೊಲಿಯುವುದು ಕಲಿಯುತ್ತಿದ್ದೆ ಆಗ. ಅವನು ಬೇರೆ ಬೆಡಗು ಅಂದಾಗ ಆ ಬೇವಿನ ಮರದ ಕೆಳಗೇ ಕೂತುಬಿಟ್ಟೆಯಂತೆ. ಸಂಜೆಯ ಬಸ್ಸು ಬರುವವರೆಗೂ ಏಳಲಿಲ್ಲವಂತೆ. ಹೋಗುವಾಗ "ಆದದ್ದ ಆತು. ಇದನ್ನ ಯಾರ ಮುಂದೂ ಆಡಬ್ಯಾಡ್ರಿ" ಅಂತ ಅವನ ಕೈ ಹಿಡಿದುಕೊಂಡೆಯಂತೆ. ಅವನು ಆಡಲಿಲ್ಲ. ನೀನೂ ಆಡಲಿಲ್ಲ.

ತಿರುಗಿ ಬರುವಾಗ ಟೆಂಪೊದಲ್ಲಿ ಬಾಬುಸಾಬ ಕಾಕಾ "ನನಗೂ ಹೇಳಲಿಲ್ಲವಾ, ನನಗೂ..." ಅಂದರು. ನನಗೆ ಸಿಟ್ಟು ಬಂತು ಅಪ್ಪಾ. ಇಷ್ಟು ಸಿಟ್ಟು ನನ್ನೊಳಗೆ ಇದೆ ಅಂತಲೇ ಗೊತ್ತಿರಲಿಲ್ಲ. ತಪ್ಪು ಮಾಡಿದ್ದಕ್ಕಲ್ಲ. ಬಂದ ಮಂದಿಯ ಮುಂದೆ ನಾಚಿಕೆಯಾಯಿತು, ಬಾಯಿಗೆ ಬಂದದ್ದು ಆಡಿದೆ, ಅದು ಯಾರಿಗೂ ಆಗಬಹುದು. ಅವನ ಮದುವೆಯಾಗಿ ಹೋದ ಮೇಲೆ ಹೇಳಿ ಏನು ಉಪಯೋಗ ಅಂತ ಸುಮ್ಮನಾಗಿದ್ದರೂ ತಿಳಿದುಕೊಳ್ಳುತ್ತಿದ್ದೆ. ಆದರೆ ಆ ಮೂರು ವರ್ಷ? ನಾನು ನಿನ್ನ ತಲೆ ಎತ್ತಿ ಹಿಡಿದು ಗಂಜಿ ಕುಡಿಸುವಾಗ ಉಪ್ಪು ಕಡಿಮೆ ಅಂತ ಹೇಳಲು ಬಂತಲ್ಲ, ಇದೊಂದು ಹೇಳಲು ಬರಲಿಲ್ಲವೇ? ತಪ್ಪಾಯಿತು ಅಂದಿದ್ದರೆ ನಾನು ನಿನ್ನನ್ನು ಬಿಟ್ಟುಹೋಗುತ್ತಿದ್ದೆನೇ? ಹೋಗಲಿ ಬಿಡಪ್ಪಾ ಅಂತಿದ್ದೆ. ನಾನು ಅಷ್ಟೇ ಅಂತಿದ್ದೆ, ನಿನಗೂ ಗೊತ್ತಿತ್ತು.

ಮರುದಿನ ಮುಂಜಾನೆ ಮಹಾಂತೇಶ ಅಂಗಳದಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ. ಸಹನಾ ಬಾಗಿಲ ಬಳಿ ನಿಂತಿದ್ದಳು. ನಾನು ಹೆಳವ ಹೇಳಿದ್ದನ್ನು ಹೇಳಿದೆ, ಸವದತ್ತಿಯವರದು ಬೇರೆ ಬೆಡಗು ಅಂತ. ಅವನು ಎಲ್ಲ ಕೇಳಿಸಿಕೊಂಡ. "ಹೆಳವ ಹೇಳಿದ್ದ ಖರೆ ಇರಬೇಕಕ್ಕಾ. ಆದರ ಅಪ್ಪ ಹೇಳಿದ್ದು? ಅಪ್ಪನ ಮಾತು ನಿನ್ನ ಮ್ಯಾಲೆ ನಡದ ಹೋಗೇತಿ. ಅದನ್ನ ನಾ ಹೆಂಗ ಸುಳ್ಳ ಮಾಡ್ಲಿ?" ಅಂದ. ಸಹನಾ ಒಳಗೆ ಹೋದಳು. ಅವಳು ಹೋದ ರೀತಿ ನನಗೆ ಗುರುತು ಸಿಕ್ಕಿತು. ಸದ್ದಿಲ್ಲದೆ, ಯಾರಿಗೂ ತೊಂದರೆಯಾಗದ ಹಾಗೆ. ನಾನೂ ಅವತ್ತು ಹಾಗೇ ಒಳಗೆ ಹೋಗಿದ್ದೆ.

ಆಗ ನನ್ನ ಬಾಯಿಂದ ಬಂತು. ಯೋಚಿಸಿ ಆಡಿದ್ದಲ್ಲ. "ಮಹಾಂತೇಶಾ, ಅಪ್ಪ ಸಾಯೂದಕ್ಕ ಒಂದ ವಾರ ಮೊದಲ ನನಗ ಒಂದ ಮಾತ ಹೇಳ್ಯಾನ. ನಿನಗ ಹೇಳಿಲ್ಲ ನಾ," ಅಂದೆ. ಅವನು ಎಣ್ಣೆಯ ಬಟ್ಟಲು ಕೆಳಗಿಟ್ಟ. "ಅಪ್ಪಗ ಆಮ್ಯಾಲೆ ಗೊತ್ತಾಗಿತ್ತು, ರಾಮದುರ್ಗದವರು ಬ್ಯಾರೆ ಬೆಡಗು ಅಂತ. ನನ್ನ ಕರದು ಹೇಳಿದ. ನೀಲವ್ವಾ, ಅವತ್ತ ಗೊತ್ತಿಲ್ಲ ಅನ್ನಾಕ ನಾಚಿ ನಿನ್ನ ಬಾಳ್ವಿ ಕೆಡಿಸೀನಿ. ನಂದ ತಪ್ಪಾತು. ನಮ್ಮ ಮನ್ಯಾಗ ಇನ್ನೊಂದ ಹೆಣ್ಣಿಗಿ ಹಿಂಗ ಆಗಬಾರದು. ಇದು ಅಪ್ಪನ ಕಡೀ ಮಾತು." ನಿನ್ನ ದನಿಯಲ್ಲೇ ಹೇಳಿಬಿಟ್ಟೆ ನೋಡು. ಮಹಾಂತೇಶ ಸಣ್ಣ ಹುಡುಗನ ಹಾಗೆ ಅತ್ತ. "ಇಷ್ಟ ವರ್ಷ ಹೊಟ್ಟ್ಯಾಗ ಇಟಗೊಂಡಿಯಲ್ಲಕ್ಕಾ," ಅಂತ ನನ್ನ ಕಾಲು ಹಿಡಿದ. ಒಳಗೆ ಸಹನಾಳ ಕೈಯಿಂದ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು.

ಈಗ ನಿನಗೆ ತಿಳಿಯದ ಸುದ್ದಿ. ಸಹನಾಳ ಮದುವೆ ದೀಪಾವಳಿ ಕಳೆದ ಮೇಲೆ, ಸವದತ್ತಿಯಲ್ಲಿ. ಪ್ರವೀಣ ಒಳ್ಳೆಯ ಹುಡುಗ, ಸ್ವಲ್ಪ ಮಾತು ಜಾಸ್ತಿ. ನಿನ್ನ ಕಡೆಯ ಮಾತು ಊರೆಲ್ಲ ಗೊತ್ತಾಗಿದೆ. ಮಹಾಂತೇಶನ ಹೆಂಡತಿ ಅದನ್ನು ನೀರು ತರುವಲ್ಲೆಲ್ಲ ಹೇಳಿದ್ದಾಳೆ, ಹೇಳುತ್ತಾ ಹೇಳುತ್ತಾ ಬೆಳೆಸಿದ್ದಾಳೆ. ಈಗ ಅದರಲ್ಲಿ ನೀನು ಎಡಗೈಯಿಂದ ನನ್ನ ತಲೆ ಸವರಿದ್ದೀ, ಅತ್ತಿದ್ದೀ. ಜನ ನನ್ನ ಅಂಗಡಿಗೆ ಬಂದು "ನಿಮ್ಮಪ್ಪ ದೊಡ್ಡ ಮನಸಿನವ ಬಿಡವಾ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಮೊನ್ನೆ ರಾಮದುರ್ಗದಿಂದ ಶಿವಾನಂದ ಫೋನು ಮಾಡಿದ್ದ. ಇಬ್ಬರು ಮೊಮ್ಮಕ್ಕಳಂತೆ. ನಿನ್ನ ಕಡೆಯ ಮಾತು ಮೌಶಿಯ ಮಕ್ಕಳಿಂದ ತಿಳಿಯಿತಂತೆ. "ಖರೇನ ಹಂಗಂದ್ರಾ ನಿಮ್ಮಪ್ಪಾರು?" ಅಂತ ಕೇಳಿದ. ಅಂದರು ಅಂದೆ. "ಅಷ್ಟಂದ್ರಲ್ಲ, ಸಾಕು," ಅಂತ ಫೋನು ಇಟ್ಟ.

ನೋಡು ಅಪ್ಪಾ, ನೀನು ಆಡದ ಮಾತು ಎಲ್ಲರಿಗೂ ಮುಟ್ಟಿತು. ತಮ್ಮನಿಗೆ ಮುಟ್ಟಿತು, ಹುಡುಗಿಗೆ ಮುಟ್ಟಿತು, ರಾಮದುರ್ಗದವರೆಗೆ ಹೋಯಿತು. ಕೇಳದೆ ಉಳಿದವಳು ನಾನೊಬ್ಬಳೇ. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ, ಮದುವೆಯ ಕೆಲಸ ಮುಗಿಯುವವರೆಗೆ ಅದನ್ನು ನೋಡಿಕೊಳ್ಳಲು ನನಗೆ ಪುರಸೊತ್ತಿಲ್ಲ. ಅವ್ವ ನಿನ್ನ ಜೊತೆಗೇ ಇರುತ್ತಾಳೆ. ಅವಳು ಸುಮ್ಮನಿರುವವಳಲ್ಲ, ಮಗಳಿಗೆ ಖರೇನ ತಪ್ಪಾತು ಅಂದ್ರೇನು ಅಂತ ನಿನ್ನನ್ನು ಕೇಳೇ ಕೇಳುತ್ತಾಳೆ. ಹೌದು, ಅಂದೆ ಅನ್ನು. ಅವಳ ಮುಂದಾದರೂ ಒಮ್ಮೆ ಬಾಯಿಬಿಟ್ಟು ಅನ್ನು.

ನೀಲಾ